ರೊಟ್ಟಿ ಗುಂಡಗೆ, ಡಬ್ಬಿ ಚೌಕ: ಪಾರ್ಸಲ್ ಖರ್ಚು ಎಷ್ಟು ಹಚ್ಚಬೇಕು?

"ಅಣ್ಣಾ, ಬೆಂಗಳೂರಿಗೆ ಇಪ್ಪತ್ತು ರೊಟ್ಟಿ ಕಳಿಸ್ಬೇಕ್ರಿ. ಪಾರ್ಸಲ್ ಖರ್ಚು ನೂರಾ ಇಪ್ಪತ್ತು ಅಂತ ಹೇಳಿಬಿಟ್ಟೀನಿ. ಬರೋಬ್ಬರಿ ಅದ ಇಲ್ಲ?"

ಕಲಬುರಗಿಯ ನನ್ನ ಪಾರ್ಸಲ್ ಕೌಂಟರ್ ಮುಂದೆ ನಿಂತು ಹೀಗೆ ಕೇಳಿದವರು ಆಳಂದ ಕಡೆಯ ಒಬ್ಬ ಅಕ್ಕ. ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ವಾಟ್ಸಾಪ್‌ನಲ್ಲಿ ಆರ್ಡರ್ ತಗೊಳ್ತಾರೆ. ಕಂಕುಳಲ್ಲಿ ಒಂದು ಅಗಲವಾದ ರಟ್ಟಿನ ಡಬ್ಬಿ ಇತ್ತು.

"ಅಳತಿ ಮಾಡೀರೇನು ಅಕ್ಕಾರ?" ಅಂದೆ.

"ಅಳತಿ ಯಾಕ್ರಿ? ಕಾಟಾದ ಮ್ಯಾಲ ಇಟ್ಟು ನೋಡೀನಿ. ಒಂದೂಕಾಲು ಕೆಜಿ ಅದ."

ಟೇಪ್ ಹಿಡಿದು ತೋರಿಸಿದೆ. ಉದ್ದ 32 ಸೆಂಟಿಮೀಟರ್, ಅಗಲ 32, ಎತ್ತರ 12. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ 2.46 ಕೆಜಿ ಬರುತ್ತದೆ. ಹೆಚ್ಚಿನ ಕೊರಿಯರ್‌ಗಳ ಲೆಕ್ಕ ಇದೇ. ಕಾಟಾದ ತೂಕ, ಅಳತೆಯ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಗಾಡಿಯಲ್ಲಿ ಜಾಗ ಹಿಡಿದಿದ್ದಕ್ಕೂ ರೊಕ್ಕ ಕೊಡಬೇಕಲ್ವಾ, ಅವರು ಹೇಳೋದೂ ಸರಿಯೇ. ಹಾಗಾಗಿ ಅಕ್ಕನ ಒಂದೂಕಾಲು ಕೆಜಿ ರೊಟ್ಟಿ ಡಬ್ಬಿ ಅವರ ಪಟ್ಟಿಯಲ್ಲಿ ಎರಡೂವರೆ ಕೆಜಿ.

ನನಗೆ ಸಿಗುವ ದರದಲ್ಲಿ ಬೆಂಗಳೂರಿಗೆ ಮೊದಲ ಅರ್ಧ ಕೆಜಿಗೆ 45 ರೂಪಾಯಿ, ಆಮೇಲಿನ ಪ್ರತಿ ಅರ್ಧ ಕೆಜಿಗೆ 30. ಎರಡೂವರೆ ಕೆಜಿಗೆ 165 ಆಯಿತು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಸುಮಾರು 195. ಇನ್ನು ಪ್ಯಾಕಿಂಗ್: ಗಟ್ಟಿ ಡಬ್ಬಿ 38, ಬಟರ್ ಪೇಪರ್ ಮತ್ತು ಪ್ಲಾಸ್ಟಿಕ್ ಚೀಲ 6, ತುಂಬುವ ಕಾಗದ 5, ಟೇಪು 2, ವಿಳಾಸದ ಚೀಟಿ 1, ಹನ್ನೆರಡು ನಿಮಿಷದ ಕೈಗೂಲಿ 10. ಒಟ್ಟು 62. ಎರಡೂ ಕೂಡಿಸಿದರೆ 257.

ಅಕ್ಕ ಗಿರಾಕಿಗೆ ಹೇಳಿದ್ದು 120. ರೊಟ್ಟಿಗೆ ಹತ್ತರಂತೆ 200. ಬರೋ ಒಟ್ಟು ರೊಕ್ಕ 320. ಅದರಲ್ಲಿ 257 ಪಾರ್ಸಲ್‌ಗೇ ಹೋದರೆ ಉಳಿಯೋದು 63, ಅಂದರೆ ಒಂದು ರೊಟ್ಟಿಗೆ ಮೂರು ರೂಪಾಯಿ ಚಿಲ್ಲರೆ. ಹಿಟ್ಟು, ಗ್ಯಾಸ್ ಕಳೆದರೆ ಬಡಿದ ಕೈಗೆ ಏನೂ ಇಲ್ಲ.

ಆನ್‌ಲೈನ್‌ನಲ್ಲಿ ಮಾರುವವರು ಪಾರ್ಸಲ್ ಖರ್ಚಿನ ಹೆಸರಲ್ಲಿ ಸುಲಿಗೆ ಮಾಡ್ತಾರೆ ಅಂತ ದೂರು ಕೇಳಿರುತ್ತೀರಿ. ಅಂಥವರೂ ಇದ್ದಾರೆ, ಅವರ ವಿಷಯಕ್ಕೆ ಬರುತ್ತೇನೆ. ಆದರೆ ನನ್ನ ಕೌಂಟರ್‌ನಲ್ಲಿ ನಾನು ದಿನಾ ನೋಡುವುದು ಉಲ್ಟಾ. ನಮ್ಮ ಕಡೆ ಮನೆಯಲ್ಲಿ ಕೂತು ಮಾರುವವರು, ಅದರಲ್ಲೂ ಹೆಣ್ಣುಮಕ್ಕಳು, ಗಿರಾಕಿ ಏನಂದ್ಕೋತಾರೋ ಅಂತ ಹೆದರಿ ಕಡಿಮೆ ಹೇಳುತ್ತಾರೆ. ಟೇಪಿನ ರೊಕ್ಕ ಮರೆಯುತ್ತಾರೆ. ತಮ್ಮ ಕೂಲಿಯನ್ನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹತ್ತು ಆರ್ಡರ್ ಆದ ಮೇಲೆ "ಯಾಕೋ ಇದು ಪರತ ಆಗವಲ್ದು", ಅಂದರೆ ಗಿಟ್ಟವಲ್ದು, ಅಂತ ಬಿಟ್ಟುಬಿಡುತ್ತಾರೆ. ಪರತ ಆಗದೇ ಇರೋದು ರೊಟ್ಟಿಯಲ್ಲ, ಅಳೆಯದೇ ಹೇಳಿದ ಆ ನೂರಾ ಇಪ್ಪತ್ತು.

ಹಾಗಾಗಿ ನಾನು ಎಲ್ಲರಿಗೂ ಹೇಳೋದು ಒಂದೇ ಮಾತು: ಡಬ್ಬಿ ಮೊದಲು, ರೇಟ್ ಆಮೇಲೆ. ಮೊದಲ ಆರ್ಡರ್ ಬರುವ ಮುಂಚೆಯೇ ಒಂದು ಡಬ್ಬಿ ಪೂರ್ತಿ ಪ್ಯಾಕ್ ಮಾಡಿ, ಅಳೆದು, ತೂಗಿ, ಬರೆದಿಟ್ಟುಕೊಳ್ಳಿ. ಹೈದರಾಬಾದ್‌ಗೆ ಎಷ್ಟು, ಬೆಂಗಳೂರಿಗೆ ಎಷ್ಟು, ದಿಲ್ಲಿಗೆ ಎಷ್ಟು ಅಂತ ಮೂರು ಸಾಲು ಸಾಕು. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ ಅನ್ನೋದು ಮರೀಬೇಡಿ. ದೂರ ನೋಡಿ ದರ ಹಾಕುವ ಕಡೆ, ರಾಜ್ಯ ಬೇರೆಯಾದರೂ ಹೈದರಾಬಾದ್ ಪಾರ್ಸಲ್ ಅಗ್ಗ ಬೀಳಬಹುದು. ಹಳೆ ರೇಟ್ ಕಾರ್ಡ್ ನೋಡಿಯೂ ಹೇಳಬೇಡಿ. ಸ್ಪೀಡ್ ಪೋಸ್ಟ್ ದರ 2025ರ ಅಕ್ಟೋಬರ್ 1ರಿಂದ ಬದಲಾಗಿದೆ. ರಿಜಿಸ್ಟರ್ಡ್ ಪೋಸ್ಟ್ ಕೂಡ ಅದರೊಳಗೇ ಸೇರಿಹೋಗಿದೆ. ಇನ್ನೂ "ರಿಜಿಸ್ಟರ್ ಮಾಡಿ ಕಳಿಸ್ರಿ, ಅಗ್ಗ ಆಗ್ತದ" ಅನ್ನುವವರು ಬರುತ್ತಲೇ ಇರುತ್ತಾರೆ.

ಮತ್ತೆ ಅಕ್ಕನ ಡಬ್ಬಿಗೆ ಬರೋಣ. ರೊಟ್ಟಿ ಗುಂಡಗೆ ಇರುತ್ತದೆ, ಡಬ್ಬಿ ಚೌಕ. ಮುಚ್ಚಳ ತೆಗೆದು ಮೇಲಿಂದ ನೋಡಿದರೆ ನಾಲ್ಕು ಮೂಲೆಯೂ ಖಾಲಿ. ಆ ಖಾಲಿ ಜಾಗಕ್ಕೂ ನಾವು ಆಗಲೇ ರೊಕ್ಕ ಕೊಟ್ಟಾಗಿದೆ. ಎರಡೂವರೆ ಕೆಜಿಗೆ ಬಿಲ್, ಒಳಗಿರೋದು ಒಂದೂಕಾಲು. ಅಕ್ಕನಿಗೆ ಹೇಳಿದೆ: "ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡ್ತೀರಲ್ಲ? ನೂರೈವತ್ತು ಗ್ರಾಂನ ನಾಲ್ಕು ಉದ್ದನೆ ಪಾಕೀಟು ಮಾಡಿ ಮೂಲಿಗೊಂದು ನಿಲ್ಲಿಸ್ರಿ." ಆರುನೂರು ಗ್ರಾಂ ಚಟ್ನಿಪುಡಿ ಸೇರಿದರೂ ಕಾಟಾದ ತೂಕ ಎರಡು ಕೆಜಿ ದಾಟಲ್ಲ. ಪಾರ್ಸಲ್ ಖರ್ಚು ಒಂದು ರೂಪಾಯಿ ಏರಲ್ಲ. ರೊಟ್ಟಿ ಅಲ್ಲಾಡಿ ಮುರಿಯುವುದೂ ಕಡಿಮೆಯಾಗುತ್ತದೆ. ಪಾಕೀಟಿಗೆ 60ರಂತೆ 240 ರೂಪಾಯಿ ವ್ಯಾಪಾರ ಅದೇ ಡಬ್ಬಿಯಲ್ಲಿ ಜಾಸ್ತಿಯಾಯಿತು. 200 ರೂಪಾಯಿ ಸಾಮಾನಿಗೆ 257 ಪಾರ್ಸಲ್ ಅಂದರೆ ಗಿರಾಕಿ ಹೌಹಾರುತ್ತಾರೆ. 440ಕ್ಕೆ 257 ಅಂದರೆ ಸ್ವಲ್ಪ ಯೋಚನೆ ಮಾಡಿಯಾದರೂ ತಗೊಳ್ತಾರೆ.

ಇನ್ನೊಂದು ದಾರಿಯೂ ಇದೆ. ಇಪ್ಪತ್ತು ಸೆಂಟಿಮೀಟರ್ ಅಗಲದ ಸಣ್ಣ ರೊಟ್ಟಿ ಮಾಡಿದರೆ 23, 23, 12ರ ಡಬ್ಬಿ ಸಾಕು. ಲೆಕ್ಕ ಒಂದೂವರೆ ಕೆಜಿಗೆ ಇಳಿಯುತ್ತದೆ. ಡಬ್ಬಿಯೂ ಅಗ್ಗ. ಎಲ್ಲ ಸೇರಿ 170ರ ಆಸುಪಾಸು. ಇದಕ್ಕೆ ಅಕ್ಕ ಒಪ್ಪಲಿಲ್ಲ. "ಅಂಥ ಸಣ್ಣ ರೊಟ್ಟಿ ಬಡಿದ್ರ ನಮ್ಮತ್ತಿ ನಗ್ತಾಳ್ರಿ" ಅಂದರು.

ತೊಗರಿ ಬೇಳೆಯದು ಬೇರೆ ಕತೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಸಾಮಾನು ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ಊರು ಬಿಟ್ಟವರು ಹೆಸರು ಹಿಡಿದೇ ಕೇಳ್ತಾರೆ. ಬೇಳೆಯಲ್ಲಿ ಖಾಲಿ ಜಾಗ ಇರಲ್ಲ, ಕಾಟಾದ ತೂಕವೇ ಬಿಲ್. ಇಲ್ಲಿ ಕೈ ಸುಡೋದು ಸ್ಲ್ಯಾಬ್, ಅಂದರೆ ದರ ಏರುವ ತೂಕದ ಮೆಟ್ಟಿಲು. ಐದು ಕೆಜಿ ಬೇಳೆ ಅಂತ ಮಾರಿದಿರಿ, ಡಬ್ಬಿ ಟೇಪು ಸೇರಿ ಐದು ಕೆಜಿ ಇನ್ನೂರು ಗ್ರಾಂ ಆಯಿತು. ಆ ಇನ್ನೂರು ಗ್ರಾಂ ನಿಮ್ಮನ್ನು ಮುಂದಿನ ಸ್ಲ್ಯಾಬಿಗೆ ತಳ್ಳುತ್ತದೆ. ನಾಲ್ಕೂಮುಕ್ಕಾಲು ಕೆಜಿಯ ಪ್ಯಾಕ್ ಮಾಡಿ, ಡಬ್ಬಿಯ ತೂಕಕ್ಕೂ ಜಾಗ ಸಿಗುತ್ತದೆ. ಇಷ್ಟಾದರೂ ಖರೆ ಹೇಳಬೇಕೆಂದರೆ ಬೇಳೆ ದೂರದ ಊರಿಗೆ ಒಂದೊಂದೇ ಪಾರ್ಸಲ್ ಮಾಡುವ ಸಾಮಾನಲ್ಲ.

ಬಿದರಿ ಸಾಮಾನಿನಲ್ಲಿ ನನ್ನ ಕೈಯೇ ಒಮ್ಮೆ ಸುಟ್ಟಿದೆ. ಅಂಗಡಿ ಶುರು ಮಾಡಿದ ಹೊಸತು. ಬೀದರ್‌ನಿಂದ ಒಬ್ಬರು ಹೂದಾನಿ ತಂದಿದ್ದರು. ಲೋಹ ತಾನೇ, ಏನಾಗ್ತದೆ ಅಂತ ಒಂದೇ ಸುತ್ತು ಬಬಲ್ ಶೀಟ್ ಸುತ್ತಿ, ಕೈಗೆ ಸಿಕ್ಕ ಡಬ್ಬಿಗೆ ಹಾಕಿದೆ. ಉಳಿಸಿದ್ದು ಮೂವತ್ತು ರೂಪಾಯಿ. ಪಾರ್ಸಲ್ ಮುಟ್ಟುವಷ್ಟರಲ್ಲಿ ಹೂದಾನಿಯ ಕತ್ತು ಮುರಿದಿತ್ತು. ಬಿದರಿ ಎರಕ ಹೊಯ್ದ ಸತುವಿನ ಸಾಮಾನು, ಸ್ವಲ್ಪ ತಾಮ್ರ ಸೇರಿರುತ್ತದೆ. ನೋಡಲು ಗಟ್ಟಿ, ಭಾರ. ಆದರೆ ಬಿದ್ದರೆ ಬಗ್ಗಲ್ಲ, ಮುರಿಯುತ್ತದೆ. ಭಾರದ ವಸ್ತು ಡಬ್ಬಿಯೊಳಗೆ ಅಲ್ಲಾಡಿದರೆ ಅದೇ ಒಳಗಿಂದ ಸುತ್ತಿಗೆಯಂತೆ ಹೊಡೆಯುತ್ತದೆ. ಆ ಬೆಲೆ ನಾನೇ ಕಟ್ಟಿಕೊಟ್ಟೆ. ಈಗ ಮೆತ್ತನೆ ಹತ್ತಿ ಬಟ್ಟೆ, ಆಮೇಲೆ ಬಬಲ್, ಆಮೇಲೆ ಡಬ್ಬಿಯೊಳಗೆ ಡಬ್ಬಿ. ಕುಲುಕಿ ನೋಡುತ್ತೇನೆ, ಸದ್ದು ಬಂದರೆ ಮತ್ತೆ ಬಿಚ್ಚುತ್ತೇನೆ. ಪ್ಯಾಕಿಂಗ್‌ಗೇ ನೂರೈವತ್ತು ಆಗುತ್ತದೆ. ಮೂರು ಸಾವಿರದ ಹೂದಾನಿಗೆ ಅದು ನ್ಯಾಯವೇ. ಮೇಲೆ ವಿಮೆ ಬೇಕಾದರೆ ಅದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಇಲ್ಲದಿದ್ದರೆ ಪಾರ್ಸಲ್ ಕಳೆದಾಗ ಕೈಗೆ ಬರೋದು ಹೂದಾನಿಯ ಬೆಲೆಯಲ್ಲ.

ಹಳೆ ಪುಸ್ತಕ ಮಾರುವ ಹುಡುಗರಿಗೆ ಒಂದು ಮಾತು. ಪಠ್ಯಪುಸ್ತಕಗಳಿಗೆ ಅಂಚೆಯವರ 'ಜ್ಞಾನ ಪೋಸ್ಟ್' 2025ರ ಮೇ 1ರಿಂದ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕೆಜಿಗೆ 100 ರೂಪಾಯಿ, ಟ್ಯಾಕ್ಸ್ ಬೇರೆ. ನಿಧಾನ ಹೋಗುತ್ತದೆ, ಆದರೆ ಎಲ್ಲಿದೆ ಅಂತ ನೋಡಬಹುದು. ಸಣ್ಣ ಪುಸ್ತಕಕ್ಕೆ ನೂರು ರೂಪಾಯಿ ಪೋಸ್ಟೇಜ್ ಕೇಳುವವರು ಇದನ್ನು ತಿಳ್ಕೊಂಡಿರಲಿ.

ಈಗ ಸುಲಿಯುವವರ ವಿಷಯ. ಸೀರೆಯ ಬೆಲೆ 299 ಅಂತ ದೊಡ್ಡ ಅಕ್ಷರದಲ್ಲಿ ಹಾಕಿ, ಕೊನೆಗೆ ರೊಕ್ಕ ಕಟ್ಟುವಾಗ ಶಿಪ್ಪಿಂಗ್ 180, ಹ್ಯಾಂಡ್ಲಿಂಗ್ 60 ಅಂತ ಸೇರಿಸುವುದು. ಇದು ಬರೀ ಕೆಟ್ಟ ನಡತೆಯಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರುವವರು ಒಟ್ಟು ಬೆಲೆಯನ್ನು ಒಂದೇ ಮೊತ್ತದಲ್ಲಿ ತೋರಿಸಬೇಕು. ಅದರೊಳಗೆ ಸಾಗಣೆ, ಅಂಚೆ, ಹ್ಯಾಂಡ್ಲಿಂಗ್, ಟ್ಯಾಕ್ಸ್ ಎಷ್ಟೆಷ್ಟು ಅಂತ ಬಿಡಿಸಿಯೂ ಹೇಳಬೇಕು. ಕೊನೆಗಳಿಗೆಯಲ್ಲಿ ಖರ್ಚು ಸೇರಿಸುವ ಚಾಳಿಯನ್ನು 2023ರ ಮಾರ್ಗಸೂಚಿಯಲ್ಲಿ ಗ್ರಾಹಕರಿಗೆ ಮಾಡುವ ಮೋಸದ ಪಟ್ಟಿಯಲ್ಲೇ ಸೇರಿಸಿದ್ದಾರೆ. ವಾಟ್ಸಾಪ್ ವ್ಯಾಪಾರದಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ ಅನ್ನಬೇಡಿ. ಸ್ಪೀಡ್ ಪೋಸ್ಟ್ ಚೀಟಿಯ ಮೇಲೆ ಮೊತ್ತ ಅಚ್ಚಾಗಿರುತ್ತದೆ. ನೀವು 150 ತಗೊಂಡು ಚೀಟಿಯಲ್ಲಿ 62 ಇದ್ದರೆ ಗಿರಾಕಿ ಮೊದಲು ನೋಡೋದೇ ಅದನ್ನು. ಪ್ಯಾಕಿಂಗ್‌ಗೆ 60 ಆಗಿದ್ದರೂ ಆಮೇಲೆ ಹೇಳಿದರೆ ನಂಬಲ್ಲ. ಅದಕ್ಕೇ "ಪೋಸ್ಟ್ ಇಷ್ಟು, ಪ್ಯಾಕಿಂಗ್ ಇಷ್ಟು" ಅಂತ ಮೊದಲೇ ಎರಡು ಸಾಲಿನಲ್ಲಿ ಬರೆದುಬಿಡಿ.

ಲಾಭ ಎಲ್ಲಿ ಇಟ್ಟುಕೊಳ್ಳಬೇಕು ಅಂದರೆ ಸಾಮಾನಿನ ಬೆಲೆಯಲ್ಲಿ. ಪೋಸ್ಟ್ ಖರ್ಚಿನಲ್ಲಿ ಅಲ್ಲ. 'ಫ್ರೀ ಡೆಲಿವರಿ' ಬಗ್ಗೆ ನನಗೆ ತಕರಾರಿಲ್ಲ, ಆದರೆ ಫ್ರೀ ಅನ್ನೋದು ಯಾವುದೂ ಇಲ್ಲ, ಬೆಲೆಯೊಳಗೆ ಸೇರಿರುತ್ತದೆ. ಹಾಗೆ ಸೇರಿಸಿದರೆ ಕಲಬುರಗಿಯಲ್ಲೇ ಇರುವ ಗಿರಾಕಿ ದಿಲ್ಲಿಯವರ ಖರ್ಚನ್ನೂ ಹೊರಬೇಕಾಗುತ್ತದೆ. ಕ್ಯಾಶ್ ಆನ್ ಡೆಲಿವರಿಯದೂ ಅದೇ ಪಾಡು. ವಾಪಸ್ ಬಂದ ಡಬ್ಬಿಗೆ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ನಿಮ್ಮದೇ. ಸಣ್ಣ ವ್ಯಾಪಾರಕ್ಕೆ ಮೊದಲೇ ರೊಕ್ಕ ಹಾಕಿಸಿಕೊಳ್ಳೋದೇ ಸೈ.

ಜಿಎಸ್‌ಟಿ ನೋಂದಣಿ ಇದ್ದವರು ಇನ್ನೊಂದು ತಪ್ಪು ಮಾಡ್ತಾರೆ. ಬಿಲ್ಲಿನಲ್ಲಿ ಪ್ಯಾಕಿಂಗ್ ಬೇರೆ, ಸಾಗಣೆ ಬೇರೆ ಬರೆದು ಅದಕ್ಕೆ ಟ್ಯಾಕ್ಸ್ ಹಾಕಲ್ಲ. ಗಿರಾಕಿಯಿಂದ ನೀವು ತಗೊಂಡ ಪ್ಯಾಕಿಂಗ್ ಖರ್ಚು ಕಾನೂನಿನ ಪ್ರಕಾರ ಸಾಮಾನಿನ ಮೌಲ್ಯದಲ್ಲೇ ಸೇರುತ್ತದೆ. ಸಾಮಾನಿಗೆ ಯಾವ ದರವೋ ಅದಕ್ಕೂ ಸಾಮಾನ್ಯವಾಗಿ ಅದೇ ದರ. ನಿಮ್ಮ ಲೆಕ್ಕದವರನ್ನು ಒಮ್ಮೆ ಕೇಳಿ.

ಹೇಳಿದ್ದಕ್ಕೂ ಆದದ್ದಕ್ಕೂ ಫರಕ್ ಬಂದರೆ? ಹತ್ತಿಪ್ಪತ್ತು ಉಳಿದರೆ ಇಟ್ಟುಕೊಳ್ಳಿ, ಇನ್ನೊಂದು ಸಲ ಅಷ್ಟೇ ಕಡಿಮೆ ಬೀಳುತ್ತದೆ. ಎಪ್ಪತ್ತು ಎಂಬತ್ತು ಉಳಿದರೆ ವಾಪಸ್ ಹಾಕಿಬಿಡಿ. ಕಡಿಮೆ ಬಿದ್ದರೆ ಮಾತ್ರ ಗಿರಾಕಿಯನ್ನು ಮತ್ತೆ ಕೇಳಬೇಡಿ. ಆಡಿದ ಮಾತು ನಿಮ್ಮದು.

ಇದನ್ನು ನಾನು ಅಕ್ಕನಿಗೆ ಹೇಳಬೇಕಾಗಲೇ ಇಲ್ಲ. "ನೂರಾ ಇಪ್ಪತ್ತು ಅಂದೀನಿ, ಅಂದಿದ್ದು ಅಂದಂಗೇ ಇರ್ಲಿ" ಅಂತ ಉಳಿದದ್ದನ್ನು ತಾವೇ ಕಟ್ಟಿ ಹೋದರು. ಮೊನ್ನೆ ಮತ್ತೆ ಬಂದಿದ್ದರು. ಅದೇ ಅಳತೆಯ ಡಬ್ಬಿ, ಅದೇ ದೊಡ್ಡ ರೊಟ್ಟಿ. ಮುಚ್ಚಳ ತೆಗೆದು ತೋರಿಸಿದರು. ನಾಲ್ಕು ಮೂಲೆಯಲ್ಲೂ ಪಾಕೀಟು ನಿಂತಿದ್ದವು: ಎರಡು ಶೇಂಗಾ, ಒಂದು ಅಗಸಿ, ಒಂದು ಗುರೆಳ್ಳು. ಮುಚ್ಚಳದ ಒಳಗೆ ಪೆನ್ನಿನಲ್ಲಿ ಬರೆದಿದ್ದರು: ಕೊರಿಯರ್ 195, ಪ್ಯಾಕಿಂಗ್ 62.

"ಹತ್ತು ರೂಪಾಯಿ ನನ್ನ ಕೂಲಿನೂ ಹಿಡದೀನಿ ನೋಡ್ರಿ" ಅಂದರು.