ಪಾಲಾಗಿ ಹರಿದ ಬವೇರಿಯಾ, ಮತ್ತು ಅದನ್ನು ಒಂದು ಮಾಡಿದ ‘ಜಾಣ’ ಡ್ಯೂಕ್

ಜರ್ಮನಿಯ ಬವೇರಿಯಾ ಸೀಮೆಯ ಲಾಂಡ್ಸ್‌ಹುಟ್ ಊರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಒಂದು ಹಳೇ ಮದುವೆ ಮತ್ತೆ ನಡೆಯುತ್ತದೆ. ಊರಿನ ಜನ ಹದಿನೈದನೇ ಶತಮಾನದ ಉಡುಪು ತೊಟ್ಟು ಬೀದಿಗಿಳಿಯುತ್ತಾರೆ. ಅದು 1475ರಲ್ಲಿ ಅಲ್ಲಿನ ಡ್ಯೂಕನ ಮಗ ಗೆಯೋರ್ಗ್‌ಗೂ ಪೋಲೆಂಡ್ ರಾಜನ ಮಗಳು ಯಾದ್ವಿಗಾಳಿಗೂ ಆದ ಮದುವೆ. ಜರ್ಮನ್ ಸೀಮೆಗಳಿಗೆಲ್ಲ ಮೇಲಿನ ದೊರೆಯಾಗಿದ್ದ ಸಾಮ್ರಾಟ ಮೂರನೇ ಫ್ರೆಡ್ರಿಕ್ ಖುದ್ದಾಗಿ ಬಂದಿದ್ದ. ಊಟಕ್ಕೆ 40,000 ಕೋಳಿ ಹೋದವು, ಒಟ್ಟು ಖರ್ಚು 60,766 ಗುಲ್ಡನ್ (ಆಗಿನ ಚಿನ್ನದ ನಾಣ್ಯ) ಅಂತ ಲೆಕ್ಕ ಬರೆದಿಟ್ಟಿದ್ದಾರೆ. ಮೂವತ್ತು ವರ್ಷ ತುಂಬುವುದರೊಳಗೆ ಇದೇ ದಂಪತಿಯ ಮಗಳ ಆಸ್ತಿಗಾಗಿ ಬವೇರಿಯಾದ ಹಳ್ಳಿಗಳು ಸುಟ್ಟುಹೋದವು. ಮದುವೆಯ ಕತೆ ಎಲ್ಲರಿಗೂ ಗೊತ್ತು. ಜಗಳದ ಕತೆ ಮಾತ್ರ ಎಷ್ಟು ಗೋಜಲು ಅಂದರೆ, ಒಂದೇ ಹೆಸರಿನ ಹತ್ತಾರು ಡ್ಯೂಕರ ನಡುವೆ ಓದುವವರಿಗೆ ದಾರಿಯೇ ತಪ್ಪುತ್ತದೆ.

ಮೂಲ ಸಮಸ್ಯೆ ನಮಗೆ ಹೊಸದಲ್ಲ. ಅಪ್ಪನ ಜಮೀನು ಮಕ್ಕಳಿಗೆ ಹಿಸ್ಸೆ, ಮಕ್ಕಳದ್ದು ಮೊಮ್ಮಕ್ಕಳಿಗೆ ಹಿಸ್ಸೆ, ಕೊನೆಗೆ ಬದು ಎಷ್ಟಿದೆಯೋ ಹೊಲವೂ ಅಷ್ಟೇ. ಬವೇರಿಯಾವನ್ನು 1180ರಿಂದ ಆಳುತ್ತಿದ್ದ ವಿಟೆಲ್ಸ್‌ಬಾಖ್ ಮನೆತನ ಇಡೀ ರಾಜ್ಯಕ್ಕೇ ಹೀಗೆ ಮಾಡಿತು. 1255ರಲ್ಲಿ ಮೊದಲ ಪಾಲು. 1329ರಲ್ಲಿ ರೈನ್ ನದಿ ಕಡೆಯ ಪಲಾಟಿನೇಟ್ ಬೇರೆ ಶಾಖೆಯಾಯಿತು. 1392ರ ಹೊತ್ತಿಗೆ ಮ್ಯೂನಿಕ್, ಲಾಂಡ್ಸ್‌ಹುಟ್, ಇಂಗೋಲ್‌ಸ್ಟಾಟ್, ಸ್ಟ್ರೌಬಿಂಗ್ ಅಂತ ನಾಲ್ಕು ತುಂಡು. ಯಾವುದಾದರೂ ಶಾಖೆಯಲ್ಲಿ ಗಂಡು ಸಂತಾನ ನಿಂತುಹೋದರೆ ಅದರ ಪಾಲು ಉಳಿದ ದಾಯಾದಿಗಳಿಗೆ ಸೇರಬೇಕು ಅನ್ನುವುದು ಮನೆತನದ ಒಪ್ಪಂದ. ಸ್ಟ್ರೌಬಿಂಗ್ 1425ರಲ್ಲಿ, ಇಂಗೋಲ್‌ಸ್ಟಾಟ್ 1447ರಲ್ಲಿ ಹಾಗೇ ಮುಗಿದವು. ಉಳಿದದ್ದು ಎರಡು: ದುಡ್ಡಿದ್ದ ಲಾಂಡ್ಸ್‌ಹುಟ್, ಅಷ್ಟಿಲ್ಲದ ಮ್ಯೂನಿಕ್.

ಇಂಗೋಲ್‌ಸ್ಟಾಟ್ ಶಾಖೆ ಮುಗಿದ ಅದೇ 1447ರ ಡಿಸೆಂಬರಿನಲ್ಲಿ ಮ್ಯೂನಿಕ್ ಮನೆಯಲ್ಲಿ ಹುಟ್ಟಿದವನು ನಾಲ್ಕನೇ ಆಲ್ಬ್ರೆಕ್ಟ್, ನಮ್ಮ ‘ಜಾಣ’ ಡ್ಯೂಕ್. ಆ ಮನೆಯಲ್ಲಿ ಮಮತೆಗಿಂತ ಲೆಕ್ಕಾಚಾರವೇ ಜಾಸ್ತಿ. ಅವನ ಅಪ್ಪ ಸಾಮಾನ್ಯ ಮನೆಯ ಆಗ್ನೆಸ್ ಬೆರ್ನೌವರ್ ಎಂಬ ಹೆಣ್ಣನ್ನು ಮೆಚ್ಚಿದ್ದಕ್ಕೆ, ತಾತ ಎರ್ನ್ಸ್ಟ್ 1435ರಲ್ಲಿ ಅವಳನ್ನು ಡಾನ್ಯೂಬ್ ನದಿಯಲ್ಲಿ ಮುಳುಗಿಸಿ ಕೊಲ್ಲಿಸಿದ್ದ. ಆಲ್ಬ್ರೆಕ್ಟ್‌ಗೆ ಅಣ್ಣಂದಿರೂ ಇದ್ದರು, ತಮ್ಮಂದಿರೂ ಇದ್ದರು. ಅವನನ್ನು ಚರ್ಚಿನ ಕೆಲಸಕ್ಕೆ ಅಂತ ಓದಿಸಿದ್ದರು. 1463ರಲ್ಲಿ ದೊಡ್ಡಣ್ಣ ತೀರಿಕೊಂಡ. ಆಲ್ಬ್ರೆಕ್ಟ್ ಓದು ಬಿಟ್ಟು ಬಂದು ತನ್ನ ಪಾಲಿನ ಅಧಿಕಾರ ಕೇಳಿದ, 1465ರಲ್ಲಿ ಪಡೆದೂಬಿಟ್ಟ. ಇನ್ನೊಬ್ಬ ಅಣ್ಣ ಜೀಗ್ಮುಂಡ್‌ಗೆ ರಾಜಕೀಯದ ಗೊಡವೆ ಬೇಡವಾಗಿತ್ತು. ಎರಡೇ ವರ್ಷಕ್ಕೆ ಅವನು ಬದಿಗೆ ಸರಿದು ಬ್ಲೂಟೆನ್‌ಬುರ್ಗ್ ಎಂಬ ಪುಟ್ಟ ಕೋಟೆಯಲ್ಲಿ ಸುಖವಾಗಿದ್ದ.

ತಮ್ಮ ಕ್ರಿಸ್ಟೋಫ್ ಹಾಗೆ ಸುಮ್ನಿರುವವನಲ್ಲ. ಭಾರೀ ಬಲಶಾಲಿ. ಅವನು ಎತ್ತಿ ಎಸೆದ ಅಂತ ಹೇಳುವ ಬಂಡೆಯನ್ನು ಮ್ಯೂನಿಕ್ ಅರಮನೆಯಲ್ಲಿ ಈಗಲೂ ತೋರಿಸುತ್ತಾರೆ. ಅವನು ಪಾಲು ಕೇಳಿದ. ಆಲ್ಬ್ರೆಕ್ಟ್ 1471ರಲ್ಲಿ ಅವನನ್ನು ಸ್ನಾನದ ಮನೆಯಲ್ಲೇ ಹಿಡಿಸಿ, ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿಟ್ಟ. ಹಿಡಿದುಕೊಟ್ಟವನು ನಿಕ್ಲಾಸ್ ಎಂಬ ಆಬೆನ್ಸ್‌ಬೆರ್ಗಿನ ಸರದಾರ. 1485ರಲ್ಲಿ ಕ್ರಿಸ್ಟೋಫ್ ಕಡೆಯವರ ಕೈಯಲ್ಲಿ ಅವನು ಸತ್ತ. ಅವನಿಗೆ ಮಕ್ಕಳಿರಲಿಲ್ಲ, ಅವನ ಸೀಮೆಯೂ ಆಲ್ಬ್ರೆಕ್ಟ್ ಕೈಗೇ ಬಂತು. ಆ ಕಾಲದಲ್ಲಿ ನಷ್ಟ ಯಾರದೇ ಆಗಿರಲಿ, ಲಾಭ ಮ್ಯೂನಿಕ್‌ನ ಖಾತೆಗೇ ಬೀಳುತ್ತಿದ್ದದ್ದು ಕುತೂಹಲದ ಸಂಗತಿ.

ಆಲ್ಬ್ರೆಕ್ಟ್ ಜಾರಿಬಿದ್ದದ್ದೂ ಉಂಟು. 1486ರಲ್ಲಿ ಸಾಲದಲ್ಲಿ ಮುಳುಗಿದ್ದ ರೇಗೆನ್ಸ್‌ಬುರ್ಗ್ ನಗರವನ್ನು ತನ್ನದಾಗಿಸಿಕೊಂಡ. ಅದು ನೇರವಾಗಿ ಸಾಮ್ರಾಟನಿಗೆ ಸೇರಿದ ನಗರ. ಮರುವರ್ಷ ಜನವರಿಯಲ್ಲಿ ಅದೇ ಸಾಮ್ರಾಟನ ಮಗಳು ಕುನಿಗುಂಡೆಯನ್ನು ಇನ್ಸ್‌ಬ್ರುಕ್‌ನಲ್ಲಿ ಮದುವೆಯಾದ, ಮಾವನ ಒಪ್ಪಿಗೆ ಇಲ್ಲದೆ. ಇತ್ತ ಟಿರೋಲಿನ ದೊರೆಗೆ ಸಾಲ ಕೊಟ್ಟು ಆ ಸೀಮೆಯ ಮೇಲೂ ಕಣ್ಣಿಟ್ಟಿದ್ದ. ಹೆದರಿದ ಅಕ್ಕಪಕ್ಕದವರೆಲ್ಲ 1488ರಲ್ಲಿ ಸ್ವೇಬಿಯನ್ ಲೀಗ್ ಎಂಬ ಒಕ್ಕೂಟ ಕಟ್ಟಿದರು. ಅವನದೇ ಸರದಾರರು ತೆರಿಗೆ ವಿರೋಧಿಸಿ ಇನ್ನೊಂದು ಕೂಟ ಕಟ್ಟಿದರು. ಕೊನೆಗೆ ಬಾವಮೈದುನ ಮ್ಯಾಕ್ಸಿಮಿಲಿಯನ್ ಮಧ್ಯೆ ಬಂದು ರಾಜಿ ಮಾಡಿಸಿದ. 1492ರಲ್ಲಿ ಆಲ್ಬ್ರೆಕ್ಟ್ ರೇಗೆನ್ಸ್‌ಬುರ್ಗ್ ವಾಪಸ್ ಕೊಟ್ಟು ಬಚಾವಾದ. ಅವನಿಗೆ ‘ಜಾಣ’ ಎಂಬ ಬಿರುದು ಬಂದದ್ದು ಯುದ್ಧ ಗೆದ್ದದ್ದಕ್ಕಿಂತ, ಹೀಗೆ ಸರಿಯಾದ ಹೊತ್ತಿಗೆ ಹಿಂದೆ ಸರಿದದ್ದಕ್ಕೇ ಇರಬೇಕು ಅಂತ ನನಗನ್ನಿಸುತ್ತದೆ.

ಈಗ ಲಾಂಡ್ಸ್‌ಹುಟ್ ಕಡೆಗೆ ಬರೋಣ. ಗೆಯೋರ್ಗ್‌ಗೆ ‘ಶ್ರೀಮಂತ’ ಅಂತಲೇ ಹೆಸರು. ಆದರೆ ಬದುಕುಳಿದ ಗಂಡುಮಕ್ಕಳಿಲ್ಲ. ಒಪ್ಪಂದದ ಪ್ರಕಾರ ಎಲ್ಲವೂ ಮ್ಯೂನಿಕ್‌ಗೆ ಹೋಗಬೇಕು. 1496ರಲ್ಲಿ ಅವನು ಉಯಿಲು ಬರೆದು ಎಲ್ಲವನ್ನೂ ಮಗಳು ಎಲಿಜಬೆತ್‌ಗೆ ಕೊಟ್ಟ. 1499ರಲ್ಲಿ ಅವಳನ್ನು ಸೋದರತ್ತೆಯ ಮಗ ರೂಪ್ರೆಕ್ಟ್‌ಗೆ ಮದುವೆ ಮಾಡಿಕೊಟ್ಟ. ರೂಪ್ರೆಕ್ಟ್ ಪಲಾಟಿನೇಟ್ ದೊರೆಯ ಮಗ. ಅದಕ್ಕೆ ಮುಂಚೆ ಫ್ರೈಸಿಂಗ್‌ನ ಬಿಷಪ್ ಪದವಿಯಲ್ಲಿದ್ದು, ಅದನ್ನು ಬಿಟ್ಟು ಬಂದವನು. ಮಗಳಿಗೆ ಆಸ್ತಿ ಬರೆದ ಅಪ್ಪನನ್ನು ಇವತ್ತು ಯಾರೂ ತಪ್ಪು ಅನ್ನುವುದಿಲ್ಲ, ಅಲ್ವಾ? ಆದರೆ ಅಲ್ಲಿ ಪ್ರಶ್ನೆ ಮನೆ-ಹೊಲದ್ದಲ್ಲ. ಸಾಮ್ರಾಟನಿಂದ ಪಡೆದ ಆಳ್ವಿಕೆಯ ಹಕ್ಕು ಗಂಡುಮಕ್ಕಳಿಗೆ ಮಾತ್ರ ಅನ್ನುವುದು ಆಗಿನ ಕಾನೂನು. ಗೆಯೋರ್ಗ್‌ಗೆ ಅದು ಗೊತ್ತಿತ್ತು. ಮ್ಯೂನಿಕ್‌ಗೆ ಬಿಟ್ಟುಕೊಡುವ ಮನಸ್ಸಿರಲಿಲ್ಲ, ಅಷ್ಟೇ.

1503ರ ಡಿಸೆಂಬರ್ 1ರಂದು ಗೆಯೋರ್ಗ್ ತೀರಿಕೊಂಡ. ಎರಡೂ ಕಡೆಯವರು ಮ್ಯಾಕ್ಸಿಮಿಲಿಯನ್ ಮುಂದೆ ಹೋದರು. ಅವನು ಆಗ ಜರ್ಮನ್ನರ ದೊರೆ, ಆಲ್ಬ್ರೆಕ್ಟ್‌ನ ಹೆಂಡತಿಯ ಅಣ್ಣ. ಮಾತುಕತೆ ಆಗ್ಸ್‌ಬುರ್ಗ್‌ನಲ್ಲಿ ತಿಂಗಳುಗಟ್ಟಲೆ ನಡೆಯಿತು. ಆಸ್ತಿಯನ್ನು ಇಬ್ಬರಿಗೂ ಹಂಚುವ ಸಲಹೆಯೂ ಬಂತು. ಯಾರೂ ಜಗ್ಗಲಿಲ್ಲ. 1504ರ ಏಪ್ರಿಲ್‌ನಲ್ಲಿ ರೂಪ್ರೆಕ್ಟ್‌ನ ಸೈನಿಕರು ಲಾಂಡ್ಸ್‌ಹುಟ್ ಮತ್ತು ಬುರ್ಗ್‌ಹೌಸೆನ್ ಕೋಟೆಗಳನ್ನು ಹಿಡಿದರು. ಬುರ್ಗ್‌ಹೌಸೆನ್ ಅಂದರೆ ಒಂದು ಕಿಲೋಮೀಟರಿಗೂ ಉದ್ದ ಚಾಚಿಕೊಂಡ ಕೋಟೆ, ಲಾಂಡ್ಸ್‌ಹುಟ್ ಡ್ಯೂಕರ ಸಂಪತ್ತು ಇದ್ದ ಜಾಗ. ಮ್ಯಾಕ್ಸಿಮಿಲಿಯನ್ ತೀರ್ಪನ್ನು ಆಲ್ಬ್ರೆಕ್ಟ್ ಪರವಾಗಿ ಕೊಟ್ಟ. ತನ್ನ ಸಹಾಯಕ್ಕೆ ಬೆಲೆಯನ್ನೂ ಹೇಳಿದ: ಟಿರೋಲ್ ಗಡಿಯ ಕುಫ್‌ಸ್ಟೈನ್, ಕಿಟ್ಸ್‌ಬ್ಯೂಯೆಲ್, ರಾಟೆನ್‌ಬೆರ್ಗ್ ತನಗೆ ಬೇಕು. ನ್ಯಾಯ ಹೇಳಿದವನೇ ಪಾಲೂ ಕೇಳಿದ ಅನ್ನುವುದನ್ನು ಆಗ ಯಾರೂ ವಿಚಿತ್ರ ಅಂದುಕೊಂಡಂತಿಲ್ಲ.

ಹದಿನಾರು ವರ್ಷದ ಹಿಂದೆ ಆಲ್ಬ್ರೆಕ್ಟ್‌ಗೆ ಹೆದರಿ ಹುಟ್ಟಿದ್ದ ಸ್ವೇಬಿಯನ್ ಲೀಗ್ ಈಗ ಅವನ ಪರ ಯುದ್ಧಕ್ಕೆ ಬಂತು. ನ್ಯೂರೆಂಬರ್ಗ್ ನಗರ, ವ್ಯುರ್ಟೆಂಬರ್ಗ್ ಡ್ಯೂಕ್, ಹೆಸ್ಸೆಯ ದೊರೆ, ಎಲ್ಲರೂ ಪಲಾಟಿನೇಟಿನ ಒಂದೊಂದು ತುಂಡಿಗೆ ಕೈಹಾಕಿದರು. ನೇರವಾದ ದೊಡ್ಡ ಕಾಳಗ ಕಡಿಮೆ. ಎದುರಾಳಿಯ ಹಳ್ಳಿ ಸುಡುವುದು, ದನ ಹೊಡೆದುಕೊಂಡು ಹೋಗುವುದು, ಇದೇ ಯುದ್ಧ. ಎರಡೂ ಕಡೆಯವರು ಇದನ್ನೇ ಮಾಡಿದರು. ಉಯಿಲಿನ ಬಗ್ಗೆ ಆ ರೈತರನ್ನು ಯಾರೂ ಕೇಳಿರಲಿಲ್ಲ. ಲಾಂಡ್ಸ್‌ಹುಟ್ ಎದುರು ಗೋಟ್ಸ್ ಫಾನ್ ಬರ್ಲಿಶಿಂಗೆನ್ ಎಂಬ ಯುವ ಸರದಾರ ಕೈ ಕಳೆದುಕೊಂಡ. ಅವನು ಆಲ್ಬ್ರೆಕ್ಟ್ ಪಕ್ಷದವನು. ಅವನೇ ಹೇಳಿಕೊಂಡಂತೆ, ಗುಂಡು ಬಂದದ್ದು ತನ್ನದೇ ಪಕ್ಷದ ನ್ಯೂರೆಂಬರ್ಗಿನವರ ಫಿರಂಗಿಯಿಂದ. ಆಮೇಲೆ ಕಬ್ಬಿಣದ ಕೈ ಹಾಕಿಸಿಕೊಂಡು ಅದರಿಂದಲೇ ಹೆಸರುವಾಸಿಯಾದ.

ಯುದ್ಧಕ್ಕೆ ಕಾರಣರಾದ ಇಬ್ಬರನ್ನೂ ಕೊಂದದ್ದು ಕತ್ತಿಯಲ್ಲ, ರಕ್ತಭೇದಿ. ರೂಪ್ರೆಕ್ಟ್ 1504ರ ಆಗಸ್ಟಿನಲ್ಲಿ ಸತ್ತ. ಎಲಿಜಬೆತ್ ಹೋರಾಟ ಬಿಡಲಿಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಅವಳೂ ಹೋದಳು, ಇಪ್ಪತ್ತಾರರ ಆಸುಪಾಸಿನಲ್ಲಿ. ಅವಳ ಸಾವಿಗೆ ಕೆಲವೇ ದಿನ ಮೊದಲು ರೇಗೆನ್ಸ್‌ಬುರ್ಗ್ ಬಳಿಯ ವೆಂಜೆನ್‌ಬಾಖ್‌ನಲ್ಲಿ ಅವಳ ಪರ ಬಂದಿದ್ದ ಬೊಹೀಮಿಯಾದ ಕೂಲಿ ಸೈನ್ಯ ನೆಲಕಚ್ಚಿತ್ತು. ಬವೇರಿಯಾದ ಇತಿಹಾಸದಲ್ಲಿ ಅವಳಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಅದು ನನಗೆ ಸರಿ ಕಾಣುವುದಿಲ್ಲ.

ವಾರಸುದಾರರು ಸತ್ತರೂ ಯುದ್ಧ ನಿಲ್ಲಲಿಲ್ಲ. ಕುಫ್‌ಸ್ಟೈನ್ ಕೋಟೆಯ ಅಧಿಕಾರಿ ಹಾನ್ಸ್ ಫಾನ್ ಪೀಂಜೆನೌ ಅಷ್ಟರಲ್ಲಿ ಪಕ್ಷ ಬದಲಿಸಿ ಪಲಾಟಿನೇಟ್ ಕಡೆ ಸೇರಿದ್ದ. ಮ್ಯಾಕ್ಸಿಮಿಲಿಯನ್‌ನ ಗುಂಡುಗಳು ಗೋಡೆಗೆ ತಾಗಿ ಬಿದ್ದಾಗ, ಅವನ ಜನ ಪೊರಕೆಯಿಂದ ಗೋಡೆ ಗುಡಿಸಿ ಅಣಕಿಸಿದರಂತೆ. ಇನ್ಸ್‌ಬ್ರುಕ್‌ನಿಂದ ದೊಡ್ಡ ಫಿರಂಗಿಗಳು ಬಂದವು. ಅಕ್ಟೋಬರಿನಲ್ಲಿ ಕೋಟೆ ಬಿತ್ತು, ಪೀಂಜೆನೌ ತಲೆಯೂ ಉರುಳಿತು.

1505ರ ಜುಲೈ 30ರಂದು ಕೊಲೋನ್‌ನಲ್ಲಿ ಮ್ಯಾಕ್ಸಿಮಿಲಿಯನ್ ಕೊನೆಯ ತೀರ್ಪು ಕೊಟ್ಟ. ಲಾಂಡ್ಸ್‌ಹುಟ್‌ನ ಹೆಚ್ಚಿನ ಭಾಗ ಆಲ್ಬ್ರೆಕ್ಟ್‌ಗೆ. ಎಲಿಜಬೆತ್‌ಳ ಇಬ್ಬರು ಪುಟ್ಟ ಗಂಡುಮಕ್ಕಳಾದ ಒಟ್‌ಹೈನ್‌ರಿಖ್ ಮತ್ತು ಫಿಲಿಪ್‌ಗೆ ಅಲ್ಲಿ ಇಲ್ಲಿ ಚೂರು ಜೋಡಿಸಿ ನಾಯ್‌ಬುರ್ಗ್ ಎಂಬ ಹೊಸ ಸೀಮೆ. ನ್ಯೂರೆಂಬರ್ಗಿನವರು ಹಿಡಿದದ್ದು ಅವರಿಗೇ ಉಳಿಯಿತು. ಮ್ಯಾಕ್ಸಿಮಿಲಿಯನ್ ಕೇಳಿದ್ದ ಮೂರು ಊರುಗಳು ಟಿರೋಲಿಗೆ ಹೋದವು. ಇವತ್ತು ಕಿಟ್ಸ್‌ಬ್ಯೂಯೆಲ್‌ಗೆ ಸ್ಕೀಯಿಂಗ್‌ಗೆ ಹೋಗುವವರು ಆಸ್ಟ್ರಿಯಾದಲ್ಲಿ ಇಳಿಯುವುದು ಈ ಲೆಕ್ಕದಿಂದಲೇ.

ಇಷ್ಟಾದ ಮೇಲೆ 1506ರ ಜುಲೈ 8ರಂದು ಆಲ್ಬ್ರೆಕ್ಟ್ ತಾನು ಹೆಚ್ಚು ನೆನಪಿನಲ್ಲುಳಿದ ಕೆಲಸ ಮಾಡಿದ. ಉಳಿದಿದ್ದ ತಮ್ಮ ವೋಲ್ಫ್‌ಗಾಂಗ್‌ನನ್ನೂ ಪ್ರಜಾಸಭೆಯನ್ನೂ ಒಪ್ಪಿಸಿ ಕಾನೂನು ತಂದ. ಇನ್ನು ಮುಂದೆ ಬವೇರಿಯಾ ಒಂದೇ, ಅದು ಹಿರಿಯ ಮಗನಿಗೆ ಮಾತ್ರ. ಕಿರಿಯರಿಗೆ ಕೌಂಟ್ ಪದವಿ, ವರ್ಷಕ್ಕೆ 4,000 ಗುಲ್ಡನ್. ಸ್ವತಃ ಕಿರಿಯ ಮಗನಾಗಿ ಹುಟ್ಟಿ ಪಾಲು ಕೇಳಿ ಮೇಲೆ ಬಂದವನು ಬರೆಸಿದ ಕಾನೂನು ಇದು. ಈ ನಿಯಮ ಅವನ ಅಪ್ಪನ ಕಾಲಕ್ಕೇ ಇದ್ದಿದ್ದರೆ ಅವನು ಪಾದ್ರಿಯಾಗಿಯೇ ಇರುತ್ತಿದ್ದ.

1508ರ ಮಾರ್ಚ್ 18ರಂದು ಅವನು ಸತ್ತ. ಹಿರಿಯ ಮಗ ವಿಲ್ಹೆಲ್ಮ್‌ಗೆ ಹದಿನಾಲ್ಕು ವರ್ಷ. ಕೆಲ ವರ್ಷಕ್ಕೇ ಎರಡನೇ ಮಗ ಲುಡ್ವಿಗ್ ತಕರಾರು ತೆಗೆದ: ಕಾನೂನು ಬರುವ ಮೊದಲೇ ಹುಟ್ಟಿದ ನನಗೆ ಅದು ಅನ್ವಯಿಸುವುದಿಲ್ಲ. ತಾಯಿ ಕುನಿಗುಂಡೆ ಅವನ ಪರವೇ ನಿಂತಳು. ಅಣ್ಣತಮ್ಮ ಕೊನೆಗೆ ಜೊತೆಯಾಗಿ ಆಳುವುದಕ್ಕೆ ಒಪ್ಪಿದರು. 1516ರಲ್ಲಿ ಇಂಗೋಲ್‌ಸ್ಟಾಟ್‌ನಲ್ಲಿ ಇಬ್ಬರ ಹೆಸರಿನಲ್ಲೂ ಹೊರಟ ಆಜ್ಞೆಯೇ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅನ್ನುವ ಪ್ರಸಿದ್ಧ ನಿಯಮ. ಆಲ್ಬ್ರೆಕ್ಟ್ 1487ರಲ್ಲಿ ಮ್ಯೂನಿಕ್‌ಗೆ ಮಾತ್ರ ಮಾಡಿದ್ದ ಇಂಥದ್ದೇ ಕಟ್ಟಳೆ ಈಗ ಇಡೀ ಬವೇರಿಯಾಕ್ಕೆ ಬಂತು. ಲುಡ್ವಿಗ್ ಲಾಂಡ್ಸ್‌ಹುಟ್‌ನಲ್ಲಿ ಇಟಲಿ ಶೈಲಿಯ ಅರಮನೆ ಕಟ್ಟಿಸಿಕೊಂಡು ಮದುವೆಯಾಗದೆ ಉಳಿದ. 1545ರಲ್ಲಿ ಅವನು ಸತ್ತ ಮೇಲೆಯೇ 1506ರ ಕಾನೂನು ಪೂರ್ತಿ ಜಾರಿಗೆ ಬಂದದ್ದು. ಎಲಿಜಬೆತ್‌ಳ ಮಕ್ಕಳಿಗಾಗಿ ಕಟ್ಟಿದ ನಾಯ್‌ಬುರ್ಗ್ ಮಾತ್ರ ಬೇರೆಯಾಗಿಯೇ ಇತ್ತು. ಅದೂ ಬವೇರಿಯಾವೂ ಮತ್ತೆ ಒಬ್ಬನೇ ದೊರೆಯ ಕೈಗೆ ಬಂದದ್ದು 1777ರಲ್ಲಿ, ಆಲ್ಬ್ರೆಕ್ಟ್‌ನ ವಂಶದಲ್ಲೇ ಗಂಡು ಸಂತಾನ ನಿಂತುಹೋಗಿ ಪಲಾಟಿನೇಟಿನ ದಾಯಾದಿ ಮ್ಯೂನಿಕ್‌ಗೆ ಬಂದು ಕೂತಾಗ.