ಕ್ಯಾಲ್ಕುಲೇಟರಿನ ದ್ರವ ಹರಳು ಕ್ಯಾಮೆರಾ ಮುಂದೆ ಕೂತರೆ

ಕಮರ್ಷಿಯಲ್ ಸ್ಟ್ರೀಟಿನ ಒಂದು ಕನ್ನಡಕದ ಅಂಗಡಿ. ಅಲ್ಲಿನ ಹುಡುಗ ನನ್ನ ಕೈಗೆ ಒಂದು ಕಾರ್ಡ್ ಕೊಟ್ಟ. ಬರಿಗಣ್ಣಿಗೆ ಅದು ಖಾಲಿ ಬೂದು ಹಾಳೆ. ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ನೋಡಿದರೆ ಅದರಲ್ಲೊಂದು ಮೀನು! "ನೋಡಿ ಸಾರ್, ಯುವಿ ಪ್ರೊಟೆಕ್ಷನ್ ಇದೆ ಅನ್ನೋದಕ್ಕೆ ಇದೇ ಪ್ರೂಫ್" ಅಂದ.

ಅಲ್ಲವೇ ಅಲ್ಲ. ಆ ಮೀನಿಗೂ ನೇರಳಾತೀತ ಕಿರಣಕ್ಕೂ ಸಂಬಂಧ ಇಲ್ಲ. ಯುವಿ ತಡೆಯುವ ಒಳ್ಳೆಯ ಕನ್ನಡಕದಲ್ಲೂ ಮೀನು ಕಾಣದೇ ಇರಬಹುದು. ಈ ಕಾರ್ಡ್ ನಂಬಿ ಎಷ್ಟು ಜನ ದುಡ್ಡು ಕೊಡುತ್ತಾರೋ! ಅದು ತೋರಿಸುವುದು ಬೆಳಕಿನ ಧ್ರುವೀಕರಣವನ್ನು, ಅಂದರೆ ಬೆಳಕಿನ ಅಲೆ ಯಾವ ದಿಕ್ಕಿಗೆ ಅಲುಗುತ್ತಿದೆ ಅನ್ನೋದನ್ನು. (ಈಗೀಗ ಆ ಪದ ಕೇಳಿದರೆ ಚುನಾವಣೆಯೇ ನೆನಪಾಗುತ್ತದೆ, ಏನು ಮಾಡೋದು.) ಜೇನುನೊಣಕ್ಕೆ ಇದು ಕಾಣುತ್ತದೆ. ನಮಗೆ ಕಾಣುವುದಿಲ್ಲ ಅಂತಲೇ ಹೇಳಬೇಕು. ಮಾಮೂಲಿ ಕ್ಯಾಮೆರಾಕ್ಕೂ ಅಷ್ಟೇ.

ಹಾಗಾದರೆ ಇದರ ಫೋಟೊ ತೆಗೆಯುವುದು ಹೇಗೆ? ಧ್ರುವೀಕರಣವನ್ನು ಪೂರ್ತಿ ಹೇಳಲು ನಾಲ್ಕು ಸಂಖ್ಯೆ ಸಾಕು ಎಂದು ಭೌತವಿಜ್ಞಾನಿ ಸ್ಟೋಕ್ಸ್ 1852ರಲ್ಲೇ ತೋರಿಸಿದ್ದರು. ಅಂದರೆ ಕಡಿಮೆಯೆಂದರೂ ನಾಲ್ಕು ಫೋಟೊ ಬೇಕು. ಪ್ರತಿ ಸಲವೂ ಲೆನ್ಸಿನ ಮುಂದೆ ಏನನ್ನಾದರೂ ಬದಲಾಯಿಸಬೇಕು. ಹಳೇ ದಾರಿಯೆಂದರೆ ಆ ಕನ್ನಡಕದಂಥದ್ದೇ ಪೋಲರೈಸ್ಡ್ ಗಾಜೊಂದನ್ನು ಇಟ್ಟು, ಅದರ ಮುಂದೆ ಹರಳಿನ ಬಿಲ್ಲೆಯನ್ನು ಮೋಟಾರಿನಿಂದ ತಿರುಗಿಸುವುದು. ಬಿಲ್ಲೆ ಒಂದು ಕಡೆ ಕೂದಲೆಳೆಯಷ್ಟು ದಪ್ಪವಿದ್ದರೂ ಸಾಕು, ತಿರುಗಿದಾಗಲೆಲ್ಲ ಚಿತ್ರ ಪಕ್ಕಕ್ಕೆ ಸರಿಯುತ್ತದೆ. ಒಂದು ಫೋಟೊದಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಸುಳ್ಳು ಅಂಚುಗಳು.

ಏನೂ ಅಲುಗಾಡದೆ ಬೆಳಕನ್ನು ತಿರುಗಿಸುವ ವಸ್ತು ಒಂದಿದೆ: ದ್ರವ ಹರಳು, ಕ್ಯಾಲ್ಕುಲೇಟರಿನ ಪರದೆಯಲ್ಲಿ ಇರುತ್ತದಲ್ಲ, ಅದೇ. ಎರಡು ಗಾಜಿನ ಹಾಳೆ, ನಡುವೆ ಮೈಕ್ರಾನ್‌ಗಳ ಸಂದು, ಅದರಲ್ಲಿ ಈ ದ್ರವ. ಊದಿನಕಡ್ಡಿಯ ಕಟ್ಟನ್ನು ನೆನಪಿಸಿಕೊಳ್ಳಿ. ಕಡ್ಡಿಗಳು ಹಿಂದೆ ಮುಂದೆ ಜಾರುತ್ತವೆ, ಆದರೆ ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಇದರ ಅಣುಗಳೂ ಹಾಗೇ, ಹರಿದರೂ ಸಾಲು ಬಿಡುವುದಿಲ್ಲ. ಕಡ್ಡಿಯ ಉದ್ದಕ್ಕೆ ಅಲುಗುವ ಬೆಳಕು ನಿಧಾನವಾಗಿ ಹೋಗುತ್ತದೆ, ಅಡ್ಡಕ್ಕೆ ಅಲುಗುವುದು ಬೇಗ ದಾಟುತ್ತದೆ. ಓರೆಯಾಗಿ ಅಲುಗುವ ಬೆಳಕು ಬಂದರೆ? ಅದು ಜೋಡೆತ್ತಿನ ಗಾಡಿ. ಒಂದು ಎತ್ತು ಹಿಂದೆ ಬಿದ್ದರೆ ಗಾಡಿ ತಿರುಗಲೇಬೇಕು. ಅರ್ಧ ಅಲೆಯಷ್ಟು ಹಿಂದೆ ಬಿದ್ದರೆ ಬೆಳಕು ಅಲುಗುವ ದಿಕ್ಕೇ ಬೇರೆಯಾಗುತ್ತದೆ. ಕಾಲು ಅಲೆಯಷ್ಟಾದರೆ ಬೆಳಕು ಬೋರ್‌ವೆಲ್ ಕೊರೆಯುವ ಯಂತ್ರದ ಹಾಗೆ ಸುತ್ತುತ್ತಾ ಸಾಗುತ್ತದೆ.

ಮಜಾ ಇರುವುದು ಇನ್ನು ಮುಂದೆ. ಗಾಜಿಗೆ ಕೆಲವೇ ವೋಲ್ಟ್ ಎಸಿ ಕೊಟ್ಟರೆ ಮಲಗಿದ್ದ ಕಡ್ಡಿಗಳು ಎದ್ದು ನಿಲ್ಲುತ್ತವೆ. ಆಗ ಬೆಳಕಿಗೆ ಎದುರಾಗುವುದು ಕಡ್ಡಿಯ ತುದಿ ಮಾತ್ರ, ಎರಡೂ ಎತ್ತಿಗೆ ಒಂದೇ ವೇಗ. ನಡುವಿನ ವೋಲ್ಟ್ ಕೊಟ್ಟರೆ ಅರೆಬರೆ ಏಳುತ್ತವೆ. ಗ್ಯಾಸ್ ಒಲೆಯ ಉರಿ ಸಣ್ಣ ಮಾಡಿದಂತೆ, ಬೇಕಾದಷ್ಟೇ ಹಿಂದೆ ಬೀಳಿಸಬಹುದು. ಎಲ್ಲ ಮಿಲಿಸೆಕೆಂಡುಗಳ ಕೆಲಸ. ಬ್ಯಾಟರಿಯಿಂದ ನೇರ ಡಿಸಿ ಕೊಡಲು ಮಾತ್ರ ಹೋಗಬೇಡಿ, ಅಯಾನುಗಳು ಒಂದು ಕಡೆ ಜಮಾಯಿಸಿ ದ್ರವ ಕೆಡುತ್ತದೆ.

ಇಂಥ ಎರಡು ಗಾಜುಗಳನ್ನು ಸೂಕ್ಷ್ಮದರ್ಶಕಕ್ಕೆ ಕೂರಿಸಿದ್ದು ಅಮೆರಿಕದ ವುಡ್ಸ್ ಹೋಲ್‌ನಲ್ಲಿ, 1990ರ ದಶಕದಲ್ಲಿ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಅಂಡಾಣುವಿನೊಳಗಿನ ಕದಿರನ್ನು ನೋಡಲು ಅದು ಒದಗಿಬಂತು. ಕ್ರೋಮೋಸೋಮುಗಳನ್ನು ಎಳೆದು ಹಂಚುವ ಆ ಕದಿರೂ ಸಾಲಾಗಿ ನಿಂತ ನಾರುಗಳೇ, ಮತ್ತೆ ಅದೇ ಊದಿನಕಡ್ಡಿ ಕಟ್ಟು! ಬಣ್ಣ ಹಾಕಿ ಅಂಡಾಣುವನ್ನು ಕೊಲ್ಲಬೇಕಿಲ್ಲ. ಕತ್ತಲ ಹಿನ್ನೆಲೆಯಲ್ಲಿ ಕದಿರು ತಾನೇ ಬೆಳ್ಳಗೆ ಕಾಣುತ್ತದೆ. 2020ರಲ್ಲಿ ಹಾರಿದ ಸೋಲಾರ್ ಆರ್ಬಿಟರ್ ನೌಕೆ ಸೂರ್ಯನ ಕಾಂತಕ್ಷೇತ್ರ ಅಳೆಯುವುದೂ ಇದೇ ದ್ರವ ಹರಳಿನಿಂದ.

ಇದು ಬೆಂಗಳೂರಿಗೆ ಹೊಸದೇನಲ್ಲ. 1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ರೈನಿಟ್ಜರ್ ಕ್ಯಾರೆಟ್ಟಿನಿಂದ ತೆಗೆದ ಒಂದು ವಸ್ತು ಎರಡು ಸಲ ಕರಗಿತು, 145.5 ಡಿಗ್ರಿಯಲ್ಲಿ ಒಮ್ಮೆ, 178.5ರಲ್ಲಿ ಇನ್ನೊಮ್ಮೆ. ಆ ಎರಡರ ನಡುವೆ ಇದ್ದದ್ದೇ ದ್ರವ ಹರಳು. ಅಲ್ಲಿಂದ ಶುರುವಾದ ಕಥೆಗೆ ದೊಡ್ಡ ತಿರುವು ಸಿಕ್ಕಿದ್ದು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. 1977ರಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಕಡ್ಡಿಯಂತಲ್ಲದೆ ತಟ್ಟೆಯಂತಿರುವ ಅಣುಗಳೂ ದ್ರವ ಹರಳಾಗುತ್ತವೆ ಎಂದು ತೋರಿಸಿದರು. ಇಡ್ಲಿ ಮೇಲೆ ಇಡ್ಲಿ ಪೇರಿಸಿದ ಹಾಗೆ. ಅವರ ತಮ್ಮ ಪಂಚರತ್ನಂ ಅದಕ್ಕೂ ಮೊದಲು, 1955ರಲ್ಲಿ, ಬಿಲ್ಲೆಗಳನ್ನು ಜೋಡಿಸಿ ಬೇರೆ ಬೇರೆ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಒಂದೇ ಥರ ತಿರುಗಿಸುವ ಉಪಾಯ ಕೊಟ್ಟಿದ್ದರು. ಆಗ ಅವರಿಗೆ 21ರ ಆಸುಪಾಸು. ದೂರದರ್ಶಕಗಳಲ್ಲಿ ಅದು ಈಗಲೂ ಬಳಕೆಯಲ್ಲಿದೆ.

ಈ ಹರಳಿಗೂ ಐಬು ಇದೆ. ಸೆಕೆ ಏರಿದರೆ ಕಡ್ಡಿಗಳ ಶಿಸ್ತು ಸಡಿಲವಾಗುತ್ತದೆ. ಡಿಸೆಂಬರಿನಲ್ಲಿ ಹೊಂದಿಸಿದ ವೋಲ್ಟ್ ಏಪ್ರಿಲ್‌ಗೆ ನಡೆಯುವುದಿಲ್ಲ, ಗಾಜಿಗೆ ಪುಟ್ಟ ಹೀಟರ್ ಕಟ್ಟಿ ಒಂದೇ ಬಿಸಿಯಲ್ಲಿ ಇಡಬೇಕು. ನಾಲ್ಕು ಫೋಟೊ ಮುಗಿಯುವಷ್ಟರಲ್ಲಿ ಎದುರಿನ ವಸ್ತು ಅಲುಗಿದರೂ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಆ ಹುಡುಗನಿಗೆ ಹೇಳಲಾದೀತೇ? ಬಿಲ್ ಹಾಕಲು ಇಟ್ಟಿದ್ದ ಕ್ಯಾಲ್ಕುಲೇಟರನ್ನು ಅವನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಅದನ್ನು ನಿಧಾನವಾಗಿ ತಿರುಗಿಸು ಅಂದೆ. ಒಂದು ಓರೆಯಲ್ಲಿ ಪರದೆ ಪೂರ್ತಿ ಕಪ್ಪಾಯಿತು. ಅವನು ಗಾಬರಿಯಾಗಿ ಕನ್ನಡಕ ತೆಗೆದ. ಅಂಕಿಗಳು ಅಲ್ಲೇ ಇದ್ದವು. ಮತ್ತೆ ಹಾಕಿಕೊಂಡ, ಮತ್ತೆ ತಿರುಗಿಸಿದ. ಹಿಂದೆ ನಿಂತಿದ್ದ ಗಿರಾಕಿಯನ್ನು ಅವನು ಮರೆತೇ ಬಿಟ್ಟಿದ್ದ.