ಹಲ್ಲು ಹಾಳಾಗಿದ್ದು ನೀರಿನಿಂದಲೋ, ಸಕ್ಕರೆಯಿಂದಲೋ?

ನಮ್ಮ ಕೋಲಾರದ ಕಡೆ ಹಲ್ಲಿಗೆ ಏನೇ ಆಗಲಿ, ಮೊದಲು ಬೈಸಿಕೊಳ್ಳೋದು ಬೋರ್‌ವೆಲ್. "ಫ್ಲೋರೈಡ್ ನೀರು ಡಾಕ್ಟ್ರೇ, ಏನ್ ಮಾಡೋದು" ಅಂತ ಹೇಳುತ್ತಲೇ ಕುರ್ಚಿಗೆ ಒರಗುತ್ತಾರೆ. ಬಾಯಿ ತೆರೆಸಿ ನೋಡಿದರೆ ದವಡೆ ಹಲ್ಲಿನಲ್ಲಿ ಕಡಲೆಕಾಳು ಕೂರುವಷ್ಟು ಗುಂಡಿ. ಅದು ನೀರಿನ ಕೆಲಸ ಅಲ್ಲ, ಸಕ್ಕರೆಯ ಕೆಲಸ.

ನೀರಿನದು ತಪ್ಪೇ ಇಲ್ಲ ಅಂತಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರಬಾರದು. ನಮ್ಮ ಜಿಲ್ಲೆಯಲ್ಲಿ, ಪಕ್ಕದ ಚಿಕ್ಕಬಳ್ಳಾಪುರದಲ್ಲಿ, ತುಮಕೂರಿನ ಪಾವಗಡದಲ್ಲಿ ಎಷ್ಟೋ ಊರುಗಳ ಆಳದ ಬೋರ್‌ವೆಲ್‌ಗಳು ಈ ಮಿತಿ ದಾಟಿವೆ. ಹಲ್ಲು ಇನ್ನೂ ದವಡೆಯೊಳಗೆ ತಯಾರಾಗುತ್ತಿರುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಆ ನೀರು ಕುಡಿದವರಿಗೆ ಕಲೆ ಬರುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಥರ. ಮಾಸಲು ಬಿಳಿ ಪಟ್ಟೆ, ಜಾಸ್ತಿಯಾದರೆ ಕಂದು, ತೀರಾ ಜಾಸ್ತಿಯಾದರೆ ಮೇಲ್ಪದರವೇ ಅಲ್ಲಲ್ಲಿ ಕಿತ್ತುಬರುತ್ತದೆ. ನೋಡೋಕೆ ಬೇಜಾರು, ಆದರೆ ಸಾಮಾನ್ಯವಾಗಿ ನೋಯಲ್ಲ. ಹುಳುಕು ಹಾಗಲ್ಲ. ದವಡೆ ಹಲ್ಲಿನ ಗೆರೆಯಲ್ಲೋ ಎರಡು ಹಲ್ಲಿನ ಸಂದಿಯಲ್ಲೋ ಶುರುವಾಗಿ ಒಳಕ್ಕೆ ಇಳಿಯುತ್ತದೆ. ಮೊದಲು ತಣ್ಣೀರಿಗೆ ಜುಂ ಅನ್ನುತ್ತದೆ, ಆಮೇಲೆ ರಾತ್ರಿ ನಿದ್ದೆ ಕೆಡಿಸುತ್ತದೆ.

ಹುಳ ತಿಂದಿದೆ ಅಂತಾರಲ್ಲ, ಹುಳ ಗಿಳ ಏನೂ ಇಲ್ಲ. ಬಾಯಲ್ಲಿ ಯಾವಾಗಲೂ ಇರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನೇ ತಿಂದು ಆಮ್ಲ ಬಿಡುತ್ತವೆ. ಆಮ್ಲ ಹೆಚ್ಚಿದಷ್ಟೂ ಪಿಎಚ್ ಅನ್ನೋ ಅಳತೆ ಇಳಿಯುತ್ತದೆ; ಹಲ್ಲಿನ ಮೇಲೆ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಮೇಲ್ಪದರ, ಕರಗೋಕೆ ಶುರು. ಆಮೇಲೆ ಎಂಜಲು ಅದನ್ನು ನಿಧಾನಕ್ಕೆ ರಿಪೇರಿ ಮಾಡುತ್ತದೆ. ಪಿಎಚ್ ಮೊದಲಿನಂತೆ ಆಗೋಕೇ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಮತ್ತೆ ಸಿಹಿ ಬಿದ್ದರೆ ರಿಪೇರಿ ಅಲ್ಲಿಗೇ ನಿಂತಿತು. ಹಾಗಾಗಿ ಹಲ್ಲಿನ ಮಟ್ಟಿಗೆ ಎಷ್ಟು ತಿಂದಿರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನೋದೇ ಮುಖ್ಯ.

ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುವವರ ಬಾಯಿ ನೋಡಿ, ಗೊತ್ತಾಗುತ್ತದೆ. "ದಿನಕ್ಕೆ ಎಷ್ಟು ಟೀ ಅಣ್ಣ?" ಅಂತ ಒಬ್ಬರನ್ನು ಕೇಳಿದೆ. "ಜಾಸ್ತಿ ಇಲ್ಲ ಡಾಕ್ಟ್ರೇ, ಬರೀ ಬೈಟು." ಲೋಡು ಬಂದಾಗ ಒಂದು, ಹರಾಜು ಮುಗಿದಾಗ ಒಂದು, ಪರಿಚಯದವರು ಸಿಕ್ಕಿದರೆ ಇನ್ನೊಂದು. ಮಧ್ಯಾಹ್ನದೊಳಗೆ ಏಳೆಂಟು. ಅದೂ ಒಂದೇ ಸಲ ಕುಡಿಯಲ್ಲ. ಒಂದು ಗುಟುಕು ಕುಡಿದು, ಲೋಟ ಪಕ್ಕಕ್ಕಿಟ್ಟು, ಚೀಟಿ ಬರೆದು, ಮತ್ತೊಂದು ಗುಟುಕು. ಯುಗಾದಿ ದಿನ ಊಟದ ಜೊತೆ ನಾಲ್ಕು ಹೋಳಿಗೆ ಹೊಡೆದವರ ಹಲ್ಲಿಗೆ ಅವತ್ತು ಒಂದೇ ಪೆಟ್ಟು. ಇವರಿಗೆ ದಿನಾ ಏಳೆಂಟು ಪೆಟ್ಟು.

ಹಲ್ಲಿನಿಂದ ಕೆಳಗಿಳಿದರೆ ಲೆಕ್ಕ ಬೇರೆ, ಅಲ್ಲಿ ಎಷ್ಟು ಅನ್ನೋದೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸೇರಿಸಿದ ಸಕ್ಕರೆ, ಜ್ಯೂಸ್‌ನ ಸಕ್ಕರೆ ಎಲ್ಲಾ ಸೇರಿ 50 ಗ್ರಾಂ ಮೀರಬಾರದು. 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು. 300 ಎಂಎಲ್ ಕೋಲಾ ಒಂದರಲ್ಲೇ 30 ಗ್ರಾಂ ಆಸುಪಾಸು ಇರುತ್ತದೆ. ಬೆಲ್ಲ, ಜೇನುತುಪ್ಪ ಕೂಡ ಇದೇ ಲೆಕ್ಕಕ್ಕೆ. ಬೆಲ್ಲ ಆದ್ರೆ ಪರವಾಗಿಲ್ಲ ಅಲ್ವಾ ಅಂತ ಕೇಳದವರೇ ಇಲ್ಲ. ಅದರಲ್ಲೂ ಬಹುಪಾಲು ಇರೋದು ಸಕ್ಕರೆಯೇ, ಮೇಲಾಗಿ ಹಲ್ಲಿಗೆ ಅಂಟಿಕೊಳ್ಳುತ್ತದೆ. ಶ್ರೀನಿವಾಸಪುರದ ಮಾವು ಹಣ್ಣಾಗಿ ತಿಂದರೆ ಈ ಲೆಕ್ಕಕ್ಕಿಲ್ಲ, ಜ್ಯೂಸ್ ಮಾಡಿದರೆ ಸಕ್ಕರೆ ಹಾಕದಿದ್ದರೂ ಉಂಟು.

ಜಾಸ್ತಿ ಸಕ್ಕರೆ ತೂಕ ಏರಿಸುತ್ತದೆ. ಅದರ ಅರ್ಧ ಭಾಗ ಫ್ರಕ್ಟೋಸ್ ಅನ್ನೋ ಒಂದು ಬಗೆಯ ಸಕ್ಕರೆ, ಅದು ಹೆಚ್ಚಾಗಿ ಲಿವರ್‌ಗೇ ಹೋಗಿ ಅಲ್ಲಿ ಕೊಬ್ಬಾಗುತ್ತದೆ. ಕುಡಿಯದವರಿಗೂ ಫ್ಯಾಟಿ ಲಿವರ್ ಬರೋದಕ್ಕೆ ಇದೂ ಒಂದು ಕಾರಣ. ಶುಗರ್ ಕಾಯಿಲೆಯ ಸುಳಿವು ಎಷ್ಟೋ ಸಲ ನಮಗೇ ಮೊದಲು ಸಿಗುತ್ತದೆ. ನಲವತ್ತರ ಆಸುಪಾಸಿನವರು ವಸಡಿನಲ್ಲಿ ರಕ್ತ, ಹಲ್ಲು ಅಲ್ಲಾಡುತ್ತಿದೆ ಅಂತ ಬಂದರೆ, ಕೀಳಿಸುವ ಮಾತು ಆಮೇಲೆ, ಮೊದಲು ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, ಮಾಡಿಸಿಕೊಂಡು ಬನ್ನಿ ಅಂತೀನಿ. ಶೇಕಡಾ 6.5 ಅಥವಾ ಅದಕ್ಕಿಂತ ಮೇಲೆ ಬಂದರೆ ಡಯಾಬಿಟಿಸ್ ಅಂತ ಲೆಕ್ಕ. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರೋದು ಕಷ್ಟ.

ಮಕ್ಕಳದು ಇನ್ನೊಂದು ಕಥೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿಗೆ ಮೇಲಿನ ಮುಂದಿನ ಹಲ್ಲು ಮೊದಲು ಹೋಗುತ್ತವೆ. ಕೆಳಗಿನವನ್ನು ನಾಲಿಗೆ ಕಾಯುತ್ತದೆ. ನಿದ್ದೆಯಲ್ಲಿ ಎಂಜಲು ಕಡಿಮೆ, ಹಾಲು ಅಲ್ಲೇ ನಿಲ್ಲುತ್ತದೆ. ರಾತ್ರಿ ಬ್ರಷ್ ಆದ ಮೇಲೆ ನೀರು ಬಿಟ್ಟು ಏನೂ ಬೇಡ. ಕೆಮ್ಮಿನ ಸಿರಪ್ ಕೊಡಲೇಬೇಕಾದರೆ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ. ಟೀಯಲ್ಲಿ ಅದ್ದಿದ ಗ್ಲುಕೋಸ್ ಬಿಸ್ಕತ್ತನ್ನು ತಿಂಡಿ ಅಂತ ನಂಬಿಸಿದವರು ಯಾರೋ ನಾ ಕಾಣೆ. ಅದು ದವಡೆ ಹಲ್ಲಿನ ಗೆರೆಗೆ ಮೆತ್ತಿಕೊಂಡರೆ ಸುಲಭಕ್ಕೆ ಬಿಡಲ್ಲ.

"ಫ್ಲೋರೈಡ್ ಪೇಸ್ಟ್ ಬೇಡ ಅಲ್ವಾ?" ಅಂತ ಅಪ್ಪ ಅಮ್ಮಂದಿರು ಹೆದರಿ ಕೇಳುತ್ತಾರೆ. ಬೇಕು. ಹಲ್ಲಿನ ಮೇಲೆ ತಾಗುವ ಫ್ಲೋರೈಡ್ ಹುಳುಕು ತಡೆಯುತ್ತದೆ, ಹೊಟ್ಟೆಗೆ ಹೋಗಬಾರದು ಅಷ್ಟೇ. 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 6ರವರೆಗೆ ಬಟಾಣಿಯಷ್ಟು ಸಾಕು. ಉಗಿಯೋದು ಕಲಿಸಿ. ಆರ್‌ಒ ನೀರು ಕುಡಿಯುವ ಮನೆಯಲ್ಲಿ ನೀರಿನಿಂದ ಬರುವ ಫ್ಲೋರೈಡ್ ಹೇಗೂ ತೀರಾ ಕಡಿಮೆ. ಬೋರ್‌ವೆಲ್ ನೀರನ್ನೇ ಕುಡಿಯುವವರು ದಂತವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ.

"ಬೀಳೋ ಹಲ್ಲು ತಾನೆ" ಅನ್ನಬೇಡಿ. ಹಾಲುಹಲ್ಲಿನ ದವಡೆ ಹಲ್ಲು 10–12 ವರ್ಷದವರೆಗೂ ಬೇಕು. ಜೊತೆಗೆ 6ನೇ ವರ್ಷಕ್ಕೆ ಆ ಸಾಲಿನ ಹಿಂದೆ ಒಂದು ಹೊಸ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬಿದ್ದು ಆ ಜಾಗಕ್ಕೆ ಬರೋದಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ, ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಮೊಬೈಲ್ ಟಾರ್ಚ್ ಹಾಕಿ ನೋಡಿ. ಗೆರೆಗಳು ಆಳವಾಗಿದ್ದರೆ ಹುಳುಕು ಬೀಳುವ ಮೊದಲೇ ಸೀಲೆಂಟ್ ಅನ್ನೋ ತೆಳು ಲೇಪ ಹಾಕಿ ಮುಚ್ಚಬಹುದು. ಸೂಜಿ ಇಲ್ಲ, ಕೊರೆಯೋದಿಲ್ಲ, ಒಂದು ಹಲ್ಲಿಗೆ ಕೆಲವೇ ನಿಮಿಷ.